ಅಕ್ಕನ ಪಾಲಿನ ಮಾತು

ತರೀಕೆರೆಯ ನೋಂದಣಿ ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಕೂತು ನಾನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಪತ್ರ ಬರೆದೆ. ಪತ್ರವೆಂದರೆ ಕ್ಷೇಮಸಮಾಚಾರದ್ದಲ್ಲ, ಛಾಪಾ ಕಾಗದದ ಮೇಲೆ ಬರೆಯುವ ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ, ಹಕ್ಕು ಬಿಡುಗಡೆ ಪತ್ರ. ಹೊಲ ಯಾರದೋ, ಕೊಡುವವರು ಯಾರೋ, ತಗೊಳ್ಳುವವರು ಯಾರೋ. ಎಲ್ಲ ಮುಗಿದು ಸಾಕ್ಷಿಗಳ ರುಜುವೂ ಆದ ಮೇಲೆ, ಹಾಳೆಯ ತೀರಾ ಬುಡದಲ್ಲಿ ‘ಬಿಕ್ಕಲಂ’ ಎಂದು ಬರೆದು ನನ್ನ ಹೆಸರು ಹಾಕಬೇಕು. ಬರೆದ ಕೈ ಇಂಥವನದು ಎಂದು ಅದರ ಅರ್ಥ. ಆ ಜಾಗವನ್ನು ವಕೀಲರೂ ಓದುವುದಿಲ್ಲ.

ಈ ಕಸುಬಿನಲ್ಲಿ ಮೊದಲು ಕಲಿಸುವುದು ಗೀಟು ಎಳೆಯುವುದನ್ನು. ಸಾಲು ಅರ್ಧಕ್ಕೆ ಮುಗಿದರೆ ಉಳಿದರ್ಧಕ್ಕೆ ಅಡ್ಡಗೀಟು ಎಳೆದು ಅಂಚಿಗೆ ಮುಟ್ಟಿಸಬೇಕು. ನನಗೆ ಕೆಲಸ ಕಲಿಸಿದ, ಪಕ್ಕದಲ್ಲೇ ಡೆಸ್ಕು ಇಟ್ಟುಕೊಂಡಿದ್ದ ಹಿರಿಯರು ಮೊದಲ ದಿನವೇ ಹೇಳಿದ್ದರು: ‘ಖಾಲಿ ಜಾಗ ಬಿಡ್ಬೇಡ ಕಣಯ್ಯಾ. ಬಿಟ್ರೆ ಅಲ್ಲಿ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಬರ್ದುಬಿಡ್ತಾರೆ.’ ಅಂದಿನಿಂದ ನಾನು ದೋಬಿಗೆ ಬರೆದುಕೊಟ್ಟ ಬಟ್ಟೆಯ ಪಟ್ಟಿಗೂ ಗೀಟು ಎಳೆದೇ ಕೊಡುತ್ತಿದ್ದೆ.

ನನ್ನ ಅಕ್ಷರ ಚೆನ್ನಾಗಿತ್ತು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಅಜ್ಜಂಪುರದ ಹತ್ತಿರದ ನಮ್ಮೂರಲ್ಲಿ, ನಾನಿನ್ನೂ ಶಾಲೆಗೆ ಸೇರುವ ಮೊದಲೇ, ಜಗಲಿಯ ಮೇಲೆ ಮರಳು ಹರಡಿ ಬೆರಳು ಹಿಡಿದು ತಿದ್ದಿಸಿದವಳು ಅಕ್ಕ. ನಾಲ್ಕನೇ ಕ್ಲಾಸಿಗೆ ಅವಳನ್ನು ಬಿಡಿಸಿದ್ದರು. ಆ ಸಿಟ್ಟನ್ನೆಲ್ಲ ನನ್ನ ಬೆರಳ ಗೆಣ್ಣುಗಳ ಮೇಲೆ ತೀರಿಸಿಕೊಂಡಳು. ತಲೆಕಟ್ಟು ಸೊಟ್ಟಗಾದರೆ ಅಂಗೈಯಿಂದ ಅಳಿಸಿ ಮತ್ತೆ ಬರೆಸುತ್ತಿದ್ದಳು.

ನನಗೆ ಬರೆಯುವ ಚಪಲ ಹತ್ತಿದ್ದು ಬೀರೂರು ಜಂಕ್ಷನ್ನಿನಲ್ಲಿ. ತರೀಕೆರೆಯಿಂದ ಊರಿಗೆ ರೈಲಿನಲ್ಲಿ ಹೋಗುವುದಾದರೆ ಬೀರೂರಿನಲ್ಲಿ ಇಳಿದು ಗಾಡಿ ಬದಲಿಸಬೇಕು. ಆ ಇನ್ನೊಂದು ಗಾಡಿ ಬರುವುದು ಅದಕ್ಕೆ ಮನಸ್ಸಾದಾಗ. ಪುಸ್ತಕದಂಗಡಿಯಲ್ಲಿ ವಾರಪತ್ರಿಕೆ ಕೊಂಡು ಪ್ಲಾಟ್‌ಫಾರಂ ಬೆಂಚಿನ ಮೇಲೆ ಓದುತ್ತಿದ್ದೆ. ಕಥೆಗಳಿಗಿಂತ ನನ್ನ ಕಣ್ಣು ಹೋಗುತ್ತಿದ್ದುದು ಸ್ಪರ್ಧೆಗಳ ಪ್ರಕಟಣೆಯ ಮೇಲೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದಿರಬೇಕು, ಸ್ವಂತ ರಚನೆಯೆಂಬ ದೃಢೀಕರಣ ಲಗತ್ತಿಸಿರಬೇಕು, ತೀರ್ಪುಗಾರರ ತೀರ್ಮಾನವೇ ಅಂತಿಮ. ಆ ಷರತ್ತುಗಳ ಭಾಷೆ ನನಗೆ ಮನೆಮಾತಿನಷ್ಟು ಸಲೀಸು. ಊರಿನವರ ಹೊಲಗಳನ್ನೆಲ್ಲ ಬರೆದ ಮೇಲೆ ಒಂದು ಸಲವಾದರೂ ನನ್ನ ಹೆಸರು ಹಾಳೆಯ ತಲೆಯ ಮೇಲೆ ಇರಲಿ ಅನ್ನಿಸಿತು. ಅದೊಂದೇ ಆಸೆ, ದೊಡ್ಡ ಉದ್ದೇಶವೇನೂ ಇರಲಿಲ್ಲ.

ಮೊದಲು ಪದ್ಯ ಕಳಿಸಿದೆ. ಪದ್ಯದ ಸಾಲುಗಳು ಗಿಡ್ಡ, ಅರ್ಧ ಹಾಳೆಗೇ ಮುಗಿಯುತ್ತವೆ. ನಾನು ಇಪ್ಪತ್ತನಾಲ್ಕು ಸಾಲಿಗೂ ಸ್ಕೇಲು ಇಟ್ಟು ಅಂಚಿನವರೆಗೆ ಗೀಟು ಎಳೆದು ಕಳಿಸಿದ್ದೆ. ವಾಪಸು ಬಂದ ಹಾಳೆಯ ಮೇಲೆ ಕೆಂಪು ಮಸಿಯಲ್ಲಿ ಯಾರೋ ಬರೆದಿದ್ದರು: ‘ಗೀಟುಗಳು ಬಹಳ ನೇರವಾಗಿವೆ.’ ಪದ್ಯದ ಬಗ್ಗೆ ಏನೂ ಇರಲಿಲ್ಲ.

ಆಮೇಲೆ ಕಥೆ. ಪ್ರೇಮಕಥೆಯೇ ಆಗಬೇಕೆಂದು ಷರತ್ತು. ನಾಯಕಿಯನ್ನು ‘ಸುಮಾರು ಇಪ್ಪತ್ತು ವರ್ಷ ವಯಸ್ಸಿನ, ವ್ಯವಸಾಯಗಾರರ ದ್ವಿತೀಯ ಪುತ್ರಿ’ ಎಂದು ಪರಿಚಯಿಸಿದೆ. ಅವಳ ಮನೆ ಬಂದಾಗ ನನಗೆ ತಡೆಯಲಾಗಲಿಲ್ಲ. ಪೂರ್ವಕ್ಕೆ ಸರ್ಕಾರಿ ಓಣಿ, ಪಶ್ಚಿಮಕ್ಕೆ ದಾಯಾದಿಗಳ ಹಿತ್ತಿಲು, ಉತ್ತರಕ್ಕೆ ಕಲ್ಲುಕಟ್ಟೆ, ದಕ್ಷಿಣಕ್ಕೆ ಹಾಳು ಬಾವಿ ಎಂದು ಚಕ್ಕುಬಂದಿ ಹಾಕಿಯೇಬಿಟ್ಟೆ. ನಾಯಕ ಆ ಮನೆಗೆ ದಾರಿ ತಪ್ಪಿ ಹೋಗುವ ಸಂಭವವೇ ಇರಲಿಲ್ಲ. ಮುಂದಿನ ವರ್ಷ ಪತ್ತೇದಾರಿ ಕಥೆಯ ಸ್ಪರ್ಧೆ ಬಂತು. ಪತ್ರದಲ್ಲಿ ಕೊಟ್ಟವರು ಯಾರು, ತಗೊಂಡವರು ಯಾರು ಎಂಬುದು ಮೊದಲ ಸಾಲಿನಲ್ಲೇ ಬರಬೇಕು. ಇಲ್ಲದಿದ್ದರೆ ಪತ್ರ ನಿಲ್ಲುವುದಿಲ್ಲ. ಹಾಗಾಗಿ ಕದ್ದವನು ಯಾರು, ಕಳಕೊಂಡವರು ಯಾರು ಎಂದು ಮೊದಲ ಪುಟದಲ್ಲೇ ಬರೆದು, ಉಳಿದ ಹನ್ನೊಂದು ಪುಟಗಳಲ್ಲಿ ಪತ್ತೇದಾರನನ್ನು ಸುಮ್ಮನೆ ಅಲೆದಾಡಿಸಿದೆ.

ಹಿರಿಯರಿಗೆ ಇದೆಲ್ಲ ತಮಾಷೆ. ಲಕೋಟೆ ವಾಪಸು ಬಂದಾಗಲೆಲ್ಲ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ‘ಏನಪ್ಪಾ, ಈ ಸಲನೂ ನೋಂದಣಿ ಆಗ್ಲಿಲ್ವಾ? ಇಬ್ರು ಸಾಕ್ಷಿ ಹಾಕ್ಸಿ ಕಳ್ಸೋದಲ್ವಾ?’

ನನಗೆ ಸಿಟ್ಟು ಬರುತ್ತಿರಲಿಲ್ಲ ಎಂದರೆ ಸುಳ್ಳು. ಆದರೆ ಪ್ರತಿ ಹೊಸ ಬಗೆಯ ಬರವಣಿಗೆಯೂ ನನ್ನ ಕೈಗೆ ಅಂಟಿದ ಯಾವುದೋ ಒಂದು ಚಾಳಿಯನ್ನು ಹಿಡಿದು ತೋರಿಸುತ್ತಿತ್ತು. ಪದ್ಯದಿಂದ ಗೀಟು ಬಿಟ್ಟೆ. ಕಥೆಯಿಂದ ಚಕ್ಕುಬಂದಿ ಬಿಟ್ಟೆ. ನಗೆಬರಹವೊಂದಕ್ಕೆ ಮೆಚ್ಚುಗೆಯ ಬಹುಮಾನ ಬಂತು, ಒಂದು ಪುಸ್ತಕ. ಅದು ಅಡುಗೆಯ ಪುಸ್ತಕವಾಗಿತ್ತು, ಹೆಂಡತಿ ಇಟ್ಟುಕೊಂಡಳು. ಸ್ಪರ್ಧೆ ನಡೆಸುವವರು ಎಲ್ಲಿ ನಗುತ್ತಾರೆ, ಎಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ ಎಂಬುದು ಮೆಲ್ಲಗೆ ತಿಳಿಯತೊಡಗಿತು.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ರೇಡಿಯೋ ನಾಟಕ ಸ್ಪರ್ಧೆಯ ಪ್ರಕಟಣೆ ಕಂಡೆ. ಅರ್ಧ ಗಂಟೆಯ ನಾಟಕ, ಸಂಸಾರದ ವಸ್ತು, ನಾಲ್ಕು ಪಾತ್ರಕ್ಕಿಂತ ಹೆಚ್ಚು ಬೇಡ. ನಾಟಕ ಬರೆದವನೇ ಅಲ್ಲ ನಾನು. ಆದರೆ ಮಾತು ಕೇಳುವುದೇ ನನ್ನ ಅರ್ಧ ಕಸುಬು. ಹೊಂಗೆ ಮರದ ಕೆಳಗೆ ಅಣ್ಣತಮ್ಮಂದಿರು ಆಡುವ ಮಾತು ದಿನಾ ಕಿವಿಗೆ ಬೀಳುತ್ತಿತ್ತು. ನಮ್ಮ ಮನೆಯದೇ ಒಂದು ದಿನವನ್ನು ಎತ್ತಿಕೊಂಡೆ: ಅಕ್ಕ ನಮಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟ ದಿನ.

ಆ ದಿನದ ಸಂಗತಿ ಇಷ್ಟು. ಅಪ್ಪ ತೀರಿಕೊಂಡು ವರ್ಷದ ಮೇಲಾಗಿತ್ತು. ಖಾತೆ ಅಣ್ಣನ ಮತ್ತು ನನ್ನ ಹೆಸರಿಗೆ ಆಗಬೇಕಾದರೆ ಅಕ್ಕ ತನ್ನ ಪಾಲು ಬೇಡವೆಂದು ಬರೆದುಕೊಡಬೇಕು. ಅವಳನ್ನು ಕೊಟ್ಟಿದ್ದು ಸಖರಾಯಪಟ್ಟಣಕ್ಕೆ. ಅಣ್ಣ ಹೋಗಿ ಕರೆದುಕೊಂಡು ಬಂದ. ನಮ್ಮ ಕಡೆಯ ಪದ್ಧತಿಯಂತೆ ಮಣೆ ಹಾಕಿ ಕೂರಿಸಿ, ಸೀರೆ ಕೊಟ್ಟು, ಅರಿಶಿನ ಕುಂಕುಮ ಕೊಟ್ಟು, ಮಡಿಲಕ್ಕಿ ತುಂಬಿ, ಆಮೇಲೆ ತರೀಕೆರೆಗೆ ಬಸ್ಸು ಹತ್ತಿಸಿದೆವು. ಪತ್ರ ನಾನೇ ಬರೆದಿದ್ದೆ. ಬರೆಸಿಕೊಂಡವನೂ ಬರೆದವನೂ ಒಬ್ಬನೇ ಆದರೆ ಚೆನ್ನಾಗಿ ಕಾಣುವುದಿಲ್ಲವೆಂದು ಬಿಕ್ಕಲಂ ರುಜುವನ್ನು ಹಿರಿಯರು ಹಾಕಿದರು. ‘ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಸಂತೋಷದಿಂದ’ ಎಂದು ಬರೆದೆ; ಅದು ಎಲ್ಲ ಪತ್ರದಲ್ಲೂ ಇರುವ ಮಾತು. ಕೊನೆಗೆ ‘ಓದಿಸಿ ಕೇಳಿದ್ದೇನೆ, ಸರಿಯಾಗಿದೆ’ ಎಂದು ಬರೆದು, ಬೆರಳಿಗೆ ಮಸಿ ಹಚ್ಚಿ ಒತ್ತಿಸಿದೆ. ಹೆಬ್ಬೆಟ್ಟನ್ನು ಸುಮ್ಮನೆ ಕುಕ್ಕಬಾರದು, ಈ ಅಂಚಿನಿಂದ ಆ ಅಂಚಿಗೆ ನಿಧಾನವಾಗಿ ಉರುಳಿಸಬೇಕು, ಇಲ್ಲದಿದ್ದರೆ ಗೆರೆಗಳು ಕಲಸಿಹೋಗುತ್ತವೆ. ಅದನ್ನು ಅವಳಿಗೆ ತೋರಿಸಿಕೊಟ್ಟೆ. ಅವಳು ಹಾಗೇ ಮಾಡಿದಳು. ಆಮೇಲೆ ಹೋಟೆಲಿನ ನಲ್ಲಿಯ ಹತ್ತಿರ ಮಣ್ಣು ಹಾಕಿ ಬಹಳ ಹೊತ್ತು ಬೆರಳು ಉಜ್ಜಿಕೊಂಡಳು. ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಕೂಗಿದೆ.

ನಾಟಕ ಸರಾಗವಾಗಿ ಬಂತು. ಅಣ್ಣ ಮಾತಾಡಿದ, ಹಿರಿಯರು ಮಾತಾಡಿದರು, ನನ್ನ ಪಾತ್ರವಂತೂ ಬಾಯಿ ಮುಚ್ಚಲೇ ಇಲ್ಲ. ಹನ್ನೆರಡು ಪುಟ ಮುಗಿದ ಮೇಲೆ ಜೋರಾಗಿ ಓದಿ ನೋಡಿದೆ. ಅಕ್ಕ ಎಲ್ಲೂ ಇರಲಿಲ್ಲ. ‘ಅಕ್ಕ ಬರುತ್ತಾಳೆ’, ‘ಅಕ್ಕ ಕೂರುತ್ತಾಳೆ’ ಎಂದು ಕಂಸದಲ್ಲಿ ಬರೆದಿದ್ದೆ. ಆದರೆ ರೇಡಿಯೋದಲ್ಲಿ ಕೂರುವುದು ಕಾಣುವುದಿಲ್ಲ. ಪತ್ರದಲ್ಲಿ ಒಂದು ಗುರುತಿದ್ದರೆ ಸಾಕು, ಮನುಷ್ಯ ಅಲ್ಲಿದ್ದ ಎಂದಾಗುತ್ತದೆ. ರೇಡಿಯೋದಲ್ಲಿ ಮಾತಾಡದವನು ಬಂದೇ ಇಲ್ಲ. ಅವಳದು ಒಂದಾದರೂ ಮಾತು ಬೇಕಾಗಿತ್ತು. ಎಷ್ಟು ತಲೆ ಕೆರೆದುಕೊಂಡರೂ ಆ ದಿನ ಅವಳು ಏನಂದಳು ಎಂಬುದು ನೆನಪಾಗಲಿಲ್ಲ. ನಾವು ಅವಳನ್ನು ಏನಾದರೂ ಕೇಳಿದ್ದೆವೇ ಎಂಬುದೂ ನೆನಪಾಗಲಿಲ್ಲ.

ಬೆರಳೊತ್ತುವ ಜಾಗಕ್ಕೆ ಮೊದಲು ‘ಅಕ್ಕ:’ ಎಂದು ಬರೆದು ಎರಡು ಸಾಲು ಖಾಲಿ ಬಿಟ್ಟೆ. ನನ್ನ ಕೈಯಿಂದ ಖಾಲಿ ಜಾಗ ಬಿಟ್ಟದ್ದು ಅದೇ ಮೊದಲು. ಭಾನುವಾರ ಕಡೂರಿಗೆ ಹೋಗಿ, ಅಲ್ಲಿಂದ ಸಖರಾಯಪಟ್ಟಣದ ಬಸ್ಸು ಹಿಡಿದೆ.

ಅವರೆಕಾಯಿಯ ಕಾಲ. ಅಕ್ಕ ಹಿತ್ತಿಲ ಬಾಗಿಲಲ್ಲಿ ನೆನೆಸಿದ ಕಾಳಿನ ಬೋಗುಣಿ ಇಟ್ಟುಕೊಂಡು ಹಿತುಕುತ್ತಿದ್ದಳು. ಭಾವ ತೋಟಕ್ಕೆ ಹೋಗಿದ್ದರು.

‘ಏನೋ ಇದ್ದಕ್ಕಿದ್ದಂಗೆ? ಯಾರಿಗಾದ್ರೂ ಹುಷಾರಿಲ್ವಾ?’

‘ಎಲ್ಲಾ ಚೆನ್ನಾಗವ್ರೆ ಕಣಕ್ಕಾ. ನಿಂಗೊಂದು ನಾಟಕ ಓದಿ ಹೇಳಾಣ ಅಂತ ಬಂದೆ.’

‘ಅದಕ್ಕೆ ಎರಡು ಬಸ್ಸು ಹತ್ತಿ ಬಂದ್ಯಾ? ಕೂತ್ಕೋ. ಸುಮ್ನೆ ಕೂರ್ಬೇಡ, ಓದಿ ಆದ್ಮೇಲೆ ನೀನೂ ಹಿತುಕ್ಬೇಕು.’

ಪತ್ರ ಓದಿ ಹೇಳುವ ದನಿಯಲ್ಲೇ ಓದಿದೆ; ಬೇರೆ ದನಿ ನನಗೆ ಗೊತ್ತಿಲ್ಲ. ಅಣ್ಣನ ಮಾತು ಬಂದಾಗ ಅವಳು ನಕ್ಕಳು. ‘ಅಣ್ಣನ್ನ ಹಂಗೇ ಇಳಿಸ್ಬಿಟ್ಟಿದ್ದೀಯ.’ ನನ್ನ ಪಾತ್ರದ ಸರದಿ ಬಂದಾಗ ಬೋಗುಣಿಯಿಂದ ತಲೆ ಎತ್ತಿದಳು. ‘ಇವ್ನ್ಯಾರೋ ಭಾರಿ ಒಳ್ಳೆಯವ್ನು? ನಮ್ಮನೇಲಿ ಇಂಥವ್ನು ಇರ್ಲಿಲ್ವಲ್ಲ.’

ನಾನೂ ನಕ್ಕೆ. ಖಾಲಿ ಜಾಗ ಬಂತು. ಹಾಳೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದೆ.

‘ಇಲ್ಲಿ ನೀನು ಏನೋ ಅನ್ಬೇಕು.’

‘ನಾನು ಏನೂ ಅನ್ಲಿಲ್ವಲ್ಲ.’

‘ಅನ್ಲಿಲ್ಲ ಅಂದ್ರೆ ರೇಡಿಯೋದಲ್ಲಿ ನೀನು ಅಲ್ಲಿ ಇರ್ಲೇ ಇಲ್ಲ ಅಂತ ಆಗ್ತದೆ. ಅನ್ನದಿದ್ರೂ ಮನಸ್ನಲ್ಲಿ ಏನೋ ಅನ್ಕೊಂಡಿರ್ತೀಯಲ್ಲ, ಅದನ್ನ ಹೇಳು.’

ಅವಳು ಹತ್ತಿಪ್ಪತ್ತು ಕಾಳು ಹಿತುಕಿದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.

‘ಹೊಲದ್ದು ಬಿಡು,’ ಅಂದಳು. ‘ಎಲ್ಲಾ ಹೆಣ್ಮಕ್ಳೂ ಬರ್ಕೊಡ್ತಾರೆ, ನಾನೂ ಬರ್ಕೊಟ್ಟೆ. ಕೇಳಿದ್ರೆ ಒಂದಿಷ್ಟು ಜಗಳ ಆಡಿ ಬರ್ಕೊಡ್ತಿದ್ದೆ, ಅಷ್ಟೇ. ನೀನು ನನ್ನ ಹೆಬ್ಬೆಟ್ಟಿಗೆ ಮಸಿ ಹಚ್ಚಿದೆಯಲ್ಲೋ. ಆವಾಗ ಅನ್ಕೊಂಡೆ, ನಾನು ರುಜು ಹಾಕ್ತೀನಿ ಅನ್ನೋದೂ ಇವ್ನಿಗೆ ಮರ್ತೋಯ್ತಾ ಅಂತ. ನಿಂಗೆ ಅಕ್ಷರ ತಿದ್ಸಿದ್ದು ಯಾರೋ?’

ನನಗೆ ಕಿವಿಯವರೆಗೆ ಬಿಸಿಯಾಯಿತು. ಅಂಥ ನಾಚಿಕೆ ಅದಕ್ಕೆ ಹಿಂದೆ ಆಗಿರಲಿಲ್ಲ, ಆಮೇಲೂ ಒಂದೇ ಸಲ ಆಯಿತು. ನಡೆದದ್ದು ಇಷ್ಟೇ: ನಮ್ಮ ಮರದ ಕೆಳಗೆ ಹೆಣ್ಣುಮಕ್ಕಳು ಬಂದು ಕೂತರೆ ನಾವು ಕೇಳುವುದಿಲ್ಲ, ಪೆನ್ನು ಕೊಡುವ ಬದಲು ಮಸಿಯ ಡಬ್ಬಿಯ ಮುಚ್ಚಳ ತೆಗೆಯುತ್ತೇವೆ. ಅವಳ ಹೆಸರಿನ ಕೆಳಗೆ ‘ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ನಾನು ಮನೆಯಲ್ಲೇ ಬರೆದಿಟ್ಟುಕೊಂಡು ಹೋಗಿದ್ದೆ. ಮದುವೆಯಾದ ಮೇಲೆ ಅವರ ಮನೆಯ ಕಾಗದಗಳೆಲ್ಲ ಭಾವನ ಕೈಯಲ್ಲೇ ಬರುತ್ತಿದ್ದವು. ಅವಳ ಅಕ್ಷರ ನೋಡದೆ ಎಷ್ಟೋ ವರ್ಷವಾಗಿತ್ತು.

‘ಅಭ್ಯಾಸ ಕಣಕ್ಕಾ,’ ಅಂದೆ.

‘ಹೂಂ, ಅಭ್ಯಾಸ,’ ಅಂದಳು. ‘ಬರ್ಕೋ ಅದನ್ನೇ. ನಿನ್ ನಾಟಕಕ್ಕೆ ಆಗ್ತದೆ.’ ಬೋಗುಣಿಯನ್ನು ನನ್ನ ಕಡೆ ತಳ್ಳಿದಳು. ಊಟಕ್ಕೆ ಹಿತುಕಿದ ಬೇಳೆಯ ಸಾರು ಮಾಡಿದ್ದಳು. ಬಸ್ಸಿಗೆ ಹೊರಟಾಗ ಒಂದು ಸೇರು ಕಾಳು ಕಟ್ಟಿ ಕೊಟ್ಟಳು.

ಮಾತು ಸಿಕ್ಕಿತ್ತು. ಅದಕ್ಕಾಗಿಯೇ ಹೋಗಿದ್ದೆ, ಅದು ಸಿಕ್ಕಿತ್ತು. ಕಡೂರು ತಲುಪುವವರೆಗೆ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ, ಮರೆಯಬಾರದೆಂದು. ತರೀಕೆರೆಗೆ ಬಂದು ಶುದ್ಧಪ್ರತಿ ತೆಗೆಯಲು ಕೂತಾಗ ಪೆನ್ನು ಆ ಜಾಗದಲ್ಲಿ ನಿಂತಿತು. ನಾಟಕವನ್ನು ಕಚೇರಿಯ ಗುಮಾಸ್ತರು ಕೇಳುತ್ತಾರೆ, ಹಿರಿಯರು ಕೇಳುತ್ತಾರೆ, ನನ್ನ ಹತ್ತಿರ ಪತ್ರ ಬರೆಸುವವರು ಕೇಳುತ್ತಾರೆ. ಅಕ್ಷರ ಕಲಿಸಿದವಳ ಬೆರಳಿಗೆ ಮಸಿ ಹಚ್ಚಿದವನು ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಅಷ್ಟು ಸ್ಪರ್ಧೆಗಳಲ್ಲಿ ಸೋತು ನಾನು ಗೆಲ್ಲುವುದನ್ನು ಕಲಿತಿದ್ದೆ. ಅವಳ ಮಾತಿಗೆ ಯಾರೂ ಅಳುವುದಿಲ್ಲ, ಸುಮ್ಮನೆ ಮುಜುಗರಪಡುತ್ತಾರೆ ಎಂದು ಗೊತ್ತಿತ್ತು.

ಖಾಲಿ ಜಾಗದಲ್ಲಿ ಬರೆದೆ: ‘ನನಗೆ ಹೊಲ ಯಾಕಣ್ಣಾ? ನನ್ನ ತವರು ನಗುನಗುತ್ತಾ ಇದ್ದರೆ ಅದೇ ನನ್ನ ಪಾಲು.’ ಎರಡು ಸಾಲಿಗೆ ಸರಿಯಾಗಿ ಕೂತಿತು. ದೃಢೀಕರಣದಲ್ಲಿ ‘ಇದರಲ್ಲಿನ ಪ್ರತಿಯೊಂದು ಮಾತೂ ನನ್ನ ಸ್ವಂತದ್ದು’ ಎಂದು ಬರೆದು ರುಜು ಹಾಕಿದೆ. ಅದಂತೂ ನಿಜವೇ ಆಗಿತ್ತು.

ಎರಡನೆಯ ಬಹುಮಾನ ಬಂತು. ಒಂದು ಭಾನುವಾರ ಮಧ್ಯಾಹ್ನ ಪ್ರಸಾರ. ರೇಡಿಯೋ ಹಾಕಿ ಕೇಳೆಂದು ಹಿಂದಿನ ವಾರವೇ ಅಕ್ಕನಿಗೆ ಕಾಗದ ಹಾಕಿ, ನಾನು ಊರಿಗೆ ಹೋದೆ. ಅಣ್ಣ ಟ್ರಾನ್ಸಿಸ್ಟರನ್ನು ಜಗಲಿಯ ಮೇಲೆ ಇಟ್ಟು, ಅಕ್ಕಪಕ್ಕದವರನ್ನೆಲ್ಲ ಕರೆದಿದ್ದ. ಮೊದಲಲ್ಲಿ ನನ್ನ ಹೆಸರು ಹೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಹಾಳೆಯ ತಲೆಯ ಮೇಲಿನ ಹೆಸರು ಎಂದರೆ ಹೀಗಿರುತ್ತದೆ ಎಂದು ತಿಳಿಯಿತು. ಸಂತೋಷವಾಗಲಿಲ್ಲ ಎಂದು ಹೇಳುವುದಿಲ್ಲ, ಬಹಳ ಆಯಿತು. ಅಕ್ಕನ ಪಾತ್ರ ಮಾಡಿದ ಹೆಂಗಸು ಆ ಮಾತನ್ನು ತುಸು ತಡೆದು, ಗಂಟಲು ತುಂಬಿ ಹೇಳಿದರು. ಹಿಂದೆ ಕೊಳಲು ಹಾಕಿದ್ದರು. ಪಕ್ಕದ ಮನೆಯ ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಅಣ್ಣನ ಕಣ್ಣಲ್ಲೂ ನೀರಿತ್ತು. ನಾಟಕ ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿದ. ‘ಎಷ್ಟು ಸರಿಯಾಗಿ ನೆನಪಿಟ್ಕೊಂಡಿದ್ದೀಯ ಕಣೋ,’ ಅಂದ. ‘ಹಂಗೇ ಅಂದಿದ್ದು ಅವ್ಳು ಆವತ್ತು. ನಾನು ಮರ್ತೇಬಿಟ್ಟಿದ್ದೆ.’

ಇಲ್ಲ ಅಣ್ಣಾ, ಅದು ನಾನು ಬರೆದದ್ದು ಎಂದು ಹೇಳಬಹುದಾಗಿತ್ತು. ಅವನು ಬಂದವರಿಗೆಲ್ಲ ಕಾಫಿ ಕೊಡಿಸುತ್ತಾ, ನಮ್ಮ ಮನೆಯ ಹೆಣ್ಣುಮಗಳ ದೊಡ್ಡ ಮನಸ್ಸನ್ನು ಹೊಗಳುತ್ತಾ ಇದ್ದ. ನಾನು ಲೋಟ ಹಿಡಿದುಕೊಂಡು ಕೂತಿದ್ದೆ. ಆಮೇಲಿನ ವರ್ಷಗಳಲ್ಲಿ ಆ ಮಾತು ನಮ್ಮ ನೆಂಟರಿಷ್ಟರಲ್ಲೆಲ್ಲ ಅಕ್ಕನ ಮಾತೆಂದೇ ಓಡಾಡಿತು.

ಮುಂದಿನ ವಾರ ಅಂಚೆಯವನು ಹೊಂಗೆ ಮರದ ಕೆಳಗೆ ಒಂದು ಕಾರ್ಡು ಕೊಟ್ಟುಹೋದ. ವಿಳಾಸದ ಅಕ್ಷರ ನೋಡಿ, ನಾನೇ ಬರೆದು ಮರೆತ ಕಾರ್ಡು ವಾಪಸು ಬಂದಿದೆ ಅಂದುಕೊಂಡೆ. ಅದೇ ತಲೆಕಟ್ಟು, ಅದೇ ದುಂಡು. ತಿರುಗಿಸಿದೆ. ನಡುವೆ ಒಂದೇ ಸಾಲಿತ್ತು: ‘ಓದಿಸಿ ಕೇಳಿದ್ದೇನೆ, ಸರಿಯಾಗಿದೆ.’

ರುಜು ಇರಬೇಕಾದ ಕಡೆ ನೀಲಿ ಮಸಿಯಲ್ಲಿ ಹೆಬ್ಬೆಟ್ಟಿನ ಗುರುತಿತ್ತು. ಎಡಗೈಯದು. ಈ ಅಂಚಿನಿಂದ ಆ ಅಂಚಿಗೆ ನಿಧಾನವಾಗಿ ಉರುಳಿಸಿ, ಒಂದು ಗೆರೆಯೂ ಕಲಸದ ಹಾಗೆ ಒತ್ತಿದ್ದಳು. ಹಾಗೆ ಒತ್ತುವುದನ್ನು ಅವಳಿಗೆ ಕಲಿಸಿದವನು ನಾನು.